ಆ್ಯಂಡ್ರಾಯ್ಡ್ ಸ್ಟುಡಿಯೊ ನಡೆಯದಿದ್ದಾಗ: ಅಳಿಸಿ ಮತ್ತೆ ಹಾಕುವ ಮೊದಲು ನೋಡಬೇಕಾದದ್ದು

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯಿಂದ ಬಳ್ಳಾರಿಗೆ ಓದಲು ಬರುವ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್‌ಗೆಂದು ಮೊಬೈಲ್ ಆ್ಯಪ್ ಮಾಡಲು ಹೊರಟಾಗ, ಒಂದು ಸಾಲು ಕೋಡ್ ಬರೆಯುವ ಮೊದಲೇ ಅವರ ಒಂದೆರಡು ವಾರ ಕಂಪ್ಯೂಟರನ್ನು ಸಿದ್ಧಪಡಿಸುವುದರಲ್ಲಿ ಕಳೆದುಹೋಗುತ್ತದೆ. ನನ್ನ ಬಳಿ ಬರುವವರ ಮೊದಲ ಮಾತು ಹೆಚ್ಚಾಗಿ ಒಂದೇ: "ತೆಗದು ಮತ್ತ ಹಾಕೀನ್ರಿ ಸರ್, ಆದ್ರೂ ಅದ ಬರಾಕತ್ತೈತಿ." ಆ್ಯಂಡ್ರಾಯ್ಡ್ ಫೋನಿಗೆ ಆ್ಯಪ್ ಮಾಡಲು ಬಳಸುವ ತಂತ್ರಾಂಶವಾದ ಆ್ಯಂಡ್ರಾಯ್ಡ್ ಸ್ಟುಡಿಯೊದ ಇನ್‌ಸ್ಟಾಲರ್ ಒಂದೇ 1 ಜಿಬಿಗಿಂತ ದೊಡ್ಡದು. ಕಂಪ್ಯೂಟರಿನೊಳಗೇ ನಕಲಿ ಫೋನೊಂದನ್ನು ನಡೆಸುವ ಎಮ್ಯುಲೇಟರ್‌ಗೆ ಬೇಕಾದ ಸಿಸ್ಟಮ್ ಇಮೇಜ್ (ಆ ಫೋನಿನ ಆ್ಯಂಡ್ರಾಯ್ಡ್) ಮತ್ತೆ 1 ಜಿಬಿಗಿಂತ ಹೆಚ್ಚು. ದಿನಕ್ಕೆ ಒಂದೂವರೆ ಅಥವಾ 2 ಜಿಬಿ ಡೇಟಾ ಸಿಗುವ ಫೋನಿನ ಹಾಟ್‌ಸ್ಪಾಟ್ ನಂಬಿಕೊಂಡವರಿಗೆ, ಒಂದು ಸಲ ಅಳಿಸಿ ಮತ್ತೆ ಹಾಕುವುದೆಂದರೆ ಎರಡು ದಿನದ ಡೇಟಾ ಮುಗಿದಂತೆ.

ಅಷ್ಟು ಖರ್ಚಾದರೂ ದೋಷ ಹೋಗದಿರುವುದಕ್ಕೆ ಕಾರಣವಿದೆ. ಸ್ಟುಡಿಯೊ ಸೇರಿಕೊಳ್ಳುವುದು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ. ದೋಷಗಳು ಹುಟ್ಟುವುದು ಬಹುಪಾಲು ಅದರ ಹೊರಗೆ: ಬಳಕೆದಾರನ ಹೆಸರಿನ ಫೋಲ್ಡರಿನೊಳಗಿರುವ ಡಾಟ್ ಗ್ರೇಡಲ್ (ಗ್ರೇಡಲ್ ಎಂದರೆ ಕೋಡನ್ನು ಆ್ಯಪ್ ಆಗಿ ಕಟ್ಟುವ, ಅಂದರೆ ಬಿಲ್ಡ್ ಮಾಡುವ ಸಲಕರಣೆ) ಮತ್ತು ಡಾಟ್ ಆ್ಯಂಡ್ರಾಯ್ಡ್ ಫೋಲ್ಡರುಗಳಲ್ಲಿ, ಎಸ್‌ಡಿಕೆ (ಆ್ಯಪ್ ಕಟ್ಟಲು ಬೇಕಾದ ಆ್ಯಂಡ್ರಾಯ್ಡ್ ಸಲಕರಣೆಗಳ ಕಟ್ಟು) ಇರುವ ಜಾಗದಲ್ಲಿ, ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ ಯಂತ್ರದ ಮೂಲ ತಂತ್ರಾಂಶ) ಸೆಟ್ಟಿಂಗ್‌ನಲ್ಲಿ, ಇಲ್ಲವೇ ಯುಎಸ್‌ಬಿ ಕೇಬಲ್‌ನಲ್ಲಿ. ಸ್ಟುಡಿಯೊವನ್ನು ಅಳಿಸಿದರೆ ಇವುಗಳಲ್ಲಿ ಯಾವುದೂ ಬದಲಾಗುವುದಿಲ್ಲ. ಆದ್ದರಿಂದ ಈ ಕೈಪಿಡಿಯಲ್ಲಿ ಡೇಟಾ, ಹಣ ಎರಡೂ ಖರ್ಚಾಗದ ಪರೀಕ್ಷೆಗಳನ್ನು ಮೊದಲು ಇಟ್ಟು, ಖರ್ಚಿನವನ್ನು ನಂತರ ಹೇಳಿದ್ದೇನೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುವ ಸಂದೇಶಗಳನ್ನು ಓದಿದಂತೆಯೇ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ವಿವರಗಳು ವಿಂಡೋಸ್ ಕಂಪ್ಯೂಟರಿಗೆ ಸಂಬಂಧಿಸಿದವು.

## ಲಕ್ಷಣ ಯಾವುದೇ ಇರಲಿ, ಮೊದಲ ಹತ್ತು ನಿಮಿಷ

ಕೆಂಪು ಅಕ್ಷರಗಳು ಪರದೆಯ ತುಂಬ ಬಂದಾಗ ಎಲ್ಲರ ಕಣ್ಣೂ ಕೊನೆಯ ಸಾಲಿಗೆ ಹೋಗುತ್ತದೆ. ಅಲ್ಲಿ ಸಾಮಾನ್ಯವಾಗಿ ಇರುವುದು "ಬಿಲ್ಡ್ ಫೇಲ್ಡ್" ಎಂಬ ಮಾತು ಮಾತ್ರ, ಅದರಿಂದ ಏನೂ ತಿಳಿಯುವುದಿಲ್ಲ. ಮೇಲಕ್ಕೆ ಸರಿದು "ವಾಟ್ ವೆಂಟ್ ರಾಂಗ್" ಎಂಬ ಸಾಲನ್ನು ಹುಡುಕಬೇಕು. ಕಾರಣ ಅದರ ಕೆಳಗಿನ ಎರಡು ಮೂರು ಸಾಲುಗಳಲ್ಲಿರುತ್ತದೆ. ಅಲ್ಲಿಯೂ ಸ್ಪಷ್ಟವಾಗದಿದ್ದರೆ "ಕಾಸ್ಡ್ ಬೈ" ಎಂದು ಆರಂಭವಾಗುವ ಸಾಲುಗಳನ್ನು ನೋಡಬೇಕು. ಅವು ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲಕ್ಕಿಂತ ಕೆಳಗಿರುವುದೇ ಮೂಲ ಕಾರಣ. ಈ ಒಂದು ಅಭ್ಯಾಸವಿದ್ದರೆ ಮುಂದಿನ ಅರ್ಧ ಕೆಲಸ ಕಡಿಮೆಯಾಗುತ್ತದೆ ಎಂದು ನಾನು ಅನುಭವದಿಂದ ಹೇಳಬಲ್ಲೆ.

ಎರಡನೆಯದು ಸಿ ಡ್ರೈವ್‌ನ ಖಾಲಿ ಜಾಗ. ಸ್ಟುಡಿಯೊಗೆ ಕನಿಷ್ಠ 8 ಜಿಬಿ, ಎಮ್ಯುಲೇಟರ್ ಸಹ ಬೇಕಿದ್ದರೆ 16 ಜಿಬಿ ಜಾಗ ಬೇಕೆಂದು ಗೂಗಲ್ ಹೇಳುತ್ತದೆ. ಡಿ ಡ್ರೈವ್‌ನಲ್ಲಿ ಸ್ಟುಡಿಯೊ ಹಾಕಿದ್ದೇನೆಂದು ನೆಮ್ಮದಿಯಿಂದ ಇರುವವರು ಗಮನಿಸಬೇಕಾದ ಸಂಗತಿ ಒಂದಿದೆ: ಎಸ್‌ಡಿಕೆ, ಗ್ರೇಡಲ್ ಸಂಗ್ರಹ, ಎಮ್ಯುಲೇಟರ್‌ನ ಕಡತಗಳು ಇವೆಲ್ಲ ನಾವಾಗಿ ಬೇರೆ ಜಾಗ ಸೂಚಿಸದ ಹೊರತು ಸಿ ಡ್ರೈವ್‌ನಲ್ಲೇ ಬೆಳೆಯುತ್ತವೆ.

ಮೂರನೆಯದು ದಿನಾಂಕ ಮತ್ತು ಸಮಯ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ವಿದ್ಯುತ್ ಹೋಗಿ ಬಂದ ಮೇಲೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ, ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿದೆ ಎಂದು ತಿಳಿಯಬೇಕು. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್ 2032 ಸೆಲ್, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳನ್ನು ಕಂಪ್ಯೂಟರ್ ಒಪ್ಪುವುದಿಲ್ಲ, ಆಗ ಯಾವ ಡೌನ್‌ಲೋಡ್ ಸಹ ಪೂರ್ಣವಾಗುವುದಿಲ್ಲ.

## ಸ್ಟುಡಿಯೊ ತೆರೆದ ಕೂಡಲೇ ಕಂಪ್ಯೂಟರ್ ಸ್ತಬ್ಧವಾಗುತ್ತದೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪ್ರಾಜೆಕ್ಟ್ ಬಿಲ್ಡ್ ಆಗುತ್ತಿರುವಾಗಲೇ ಮೆಮೊರಿ, ಡಿಸ್ಕ್, ಸಿಪಿಯು ಈ ಮೂರನ್ನು ಗಮನಿಸಿ. ಯಾವುದು ಮೊದಲು ತುಂಬುತ್ತದೆ ಎಂಬುದರ ಮೇಲೆ ಪರಿಹಾರ ನಿರ್ಧಾರವಾಗುತ್ತದೆ.

ಮೆಮೊರಿ ಶೇ. 90 ದಾಟಿ ಅಲ್ಲೇ ನಿಂತರೆ ರ‍್ಯಾಮ್ ಸಾಲುತ್ತಿಲ್ಲ. ಸ್ಟುಡಿಯೊ ಒಂದಕ್ಕೇ ಕನಿಷ್ಠ 8 ಜಿಬಿ, ಎಮ್ಯುಲೇಟರ್ ಸೇರಿದರೆ 16 ಜಿಬಿ ರ‍್ಯಾಮ್ ಬೇಕೆಂಬುದು ಗೂಗಲ್‌ನ ಲೆಕ್ಕ. ಇಲ್ಲಿನ ಹಲವು ಮನೆಗಳಲ್ಲಿ ಇರುವುದು 4 ಜಿಬಿಯ ಲ್ಯಾಪ್‌ಟಾಪ್. ಅದರಲ್ಲಿ ಕೆಲಸ ನಡೆಯುವುದೇ ಇಲ್ಲವೆಂದಲ್ಲ. ಎಮ್ಯುಲೇಟರ್ ಆಸೆ ಬಿಟ್ಟು ಕೈಯಲ್ಲಿರುವ ಫೋನಿನಲ್ಲೇ ಆ್ಯಪ್ ಪರೀಕ್ಷಿಸಬೇಕು, ಬಿಲ್ಡ್ ಸಮಯದಲ್ಲಿ ಬ್ರೌಸರ್ ಮುಚ್ಚಬೇಕು. ಖರ್ಚು ಮಾಡಲು ಸಾಧ್ಯವಿದ್ದರೆ ಎರಡನೇ ರ‍್ಯಾಮ್ ಸ್ಲಾಟ್ ಖಾಲಿ ಇದೆಯೇ ಎಂದು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲೇ ನೋಡಬಹುದು. ಡಿಡಿಆರ್3 ಇರುವ ಯಂತ್ರಕ್ಕೆ ಡಿಡಿಆರ್4 ಕೂಡುವುದಿಲ್ಲ, ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ. ಆದ್ದರಿಂದ ಖರೀದಿಗೆ ಮುನ್ನ ಮಾದರಿ ಸಂಖ್ಯೆ ತೋರಿಸಿ ಕೇಳಬೇಕು.

ಮೆಮೊರಿಗೆ ಸಂಬಂಧಿಸಿದ ಎರಡು ಸಂದೇಶಗಳು ಒಂದೇ ರೀತಿ ಕಂಡರೂ ಅರ್ಥ ಬೇರೆ. "ಜಾವಾ ಹೀಪ್ ಸ್ಪೇಸ್" ಎಂದು ಬಂದರೆ, ಜಾವಾ ಮೇಲೆ ನಡೆಯುವ ಗ್ರೇಡಲ್‌ಗೆ ನಾವು ಹಾಕಿಕೊಟ್ಟ ಮಿತಿ ಸಾಲಲಿಲ್ಲವೆಂದು ಅರ್ಥ. "ಕುಡ್ ನಾಟ್ ರಿಸರ್ವ್ ಎನಫ್ ಸ್ಪೇಸ್" ಎಂದು ಬಂದರೆ ನಾವು ಹಾಕಿದ ಮಿತಿಯಷ್ಟು ಮೆಮೊರಿಯನ್ನು ಕಂಪ್ಯೂಟರ್ ಕೊಡಲಾಗಲಿಲ್ಲ, ಇಲ್ಲವೇ 32 ಬಿಟ್‌ನ ಹಳೆಯ ಜಾವಾ ನಡೆಯುತ್ತಿದೆ ಎಂದು ಅರ್ಥ. ಪ್ರಾಜೆಕ್ಟಿನೊಳಗಿನ ಗ್ರೇಡಲ್ ಪ್ರಾಪರ್ಟೀಸ್ ಕಡತದಲ್ಲಿ ಎಕ್ಸ್ಎಂಎಕ್ಸ್ ಎಂಬುದರ ಮುಂದಿರುವ ಸಂಖ್ಯೆಯೇ ಆ ಮಿತಿ. ಮೊದಲ ಸಂದೇಶಕ್ಕೆ ಅದನ್ನು ಏರಿಸಬೇಕು, ಎರಡನೆಯದಕ್ಕೆ ಇಳಿಸಬೇಕು. ಎರಡಕ್ಕೂ ಏರಿಸುತ್ತಾ ಹೋದವರ ಕಂಪ್ಯೂಟರ್ ಇನ್ನಷ್ಟು ನಿಧಾನವಾಗುತ್ತದೆ.

ಮೆಮೊರಿ ಉಳಿದಿದ್ದರೂ ಡಿಸ್ಕ್ ಶೇ. 100ಕ್ಕೆ ಏರಿ ನಿಂತರೆ, ಆ ಯಂತ್ರದಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇರುವ ಸಾಧ್ಯತೆ ಹೆಚ್ಚು. ಗ್ರೇಡಲ್ ಸಾವಿರಾರು ಸಣ್ಣ ಕಡತಗಳನ್ನು ಓದಿ ಬರೆಯುವ ಕೆಲಸ ಮಾಡುವುದರಿಂದ ಇಲ್ಲಿ ಎಸ್‌ಎಸ್‌ಡಿ ಹಾಕಿಸುವುದೇ ನನಗೆ ತಿಳಿದ ಅತ್ಯುತ್ತಮ ಖರ್ಚು. ಡಿಸ್ಕ್‌ನಿಂದ ಟಕ್ ಟಕ್ ಶಬ್ದ ಬರುತ್ತಿದ್ದರೆ ಮಾತ್ರ ಅಲ್ಲೇ ನಿಲ್ಲಿಸಿ: ಇನ್ನೊಂದು ಬಿಲ್ಡ್ ಬೇಡ, ಮೊದಲು ಪ್ರಾಜೆಕ್ಟ್ ಫೋಲ್ಡರನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ.

ಬೇಸಿಗೆಯಲ್ಲಿ ಮೂರನೆಯ ಕಾರಣವೊಂದು ಸೇರಿಕೊಳ್ಳುತ್ತದೆ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ಕಾವು ಮಿತಿಮೀರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಮೂರು ನಿಮಿಷದಲ್ಲಿ ಮುಗಿಯುವ ಬಿಲ್ಡ್ ಮಧ್ಯಾಹ್ನ ಹತ್ತು ನಿಮಿಷ ತೆಗೆದುಕೊಂಡರೆ, ಮತ್ತು ಸಿಪಿಯು ಪುಟದಲ್ಲಿ ಕಾಣುವ ವೇಗ ಅಲ್ಲಿಯೇ ಬರೆದಿರುವ ಮೂಲವೇಗಕ್ಕಿಂತ ಕೆಳಗಿಳಿದಿದ್ದರೆ, ಅದು ತಂತ್ರಾಂಶದ ದೋಷವಲ್ಲ. ಸಂಡೂರು ಕಡೆಯ ಅದಿರಿನ ಧೂಳು, ಗಂಗಾವತಿ ಸಿಂಧನೂರಿನ ಅಕ್ಕಿ ಗಿರಣಿಗಳ ತೌಡಿನ ಧೂಳು ಲ್ಯಾಪ್‌ಟಾಪಿನ ಗಾಳಿಕಿಂಡಿಯೊಳಗೆ ಹೆಪ್ಪುಗಟ್ಟಿರುವುದನ್ನು ನಾನೇ ತೆಗೆಸಿದ್ದೇನೆ. ಅದನ್ನು ತೆಗೆಯಲು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಬಾರದು. ಆ ರಭಸಕ್ಕೆ ಒಳಗಿನ ಫ್ಯಾನ್ ಅತಿವೇಗವಾಗಿ ತಿರುಗಿ ಕೆಡುತ್ತದೆ, ಗಾಳಿಯ ಜೊತೆ ನೀರಿನ ಹನಿಯೂ ಒಳಹೋಗುತ್ತದೆ. ಟಚ್‌ಪ್ಯಾಡ್ ಅಥವಾ ತಳ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿದೆ ಎಂದೇ ಭಾವಿಸಿ ಚಾರ್ಜರ್ ಕಿತ್ತು, ಯಂತ್ರ ಆರಿಸಿ, ಒತ್ತದೆ ಚುಚ್ಚದೆ ರಿಪೇರಿ ಮಾಡುವವರಿಗೆ ಒಪ್ಪಿಸಬೇಕು.

## ಗ್ರೇಡಲ್ ಸಿಂಕ್ ಗಂಟೆಗಟ್ಟಲೆ ನಡೆದರೂ ಮುಗಿಯುವುದಿಲ್ಲ

ಹೊಸಬರನ್ನು ಅತಿ ಹೆಚ್ಚು ಕಾಡುವ ದೋಷ ಇದು. ಹೊಸ ಪ್ರಾಜೆಕ್ಟ್ ಮೊದಲ ಸಲ ತೆರೆದಾಗ ಗ್ರೇಡಲ್ ತನ್ನ 100 ಎಂಬಿಗಿಂತ ದೊಡ್ಡ ಜಿಪ್ ಕಡತವನ್ನೂ, ಆ ಮೇಲೆ ನೂರಾರು ಲೈಬ್ರರಿಗಳನ್ನೂ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತರಿಸಿಕೊಳ್ಳುತ್ತದೆ. ಆದ್ದರಿಂದ ಮೊದಲ ಸಲ ತಡವಾಗುವುದು ದೋಷವಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಗೆರೆ ಏರಿಳಿಯುತ್ತಿದ್ದರೆ ಕೆಲಸ ನಡೆಯುತ್ತಿದೆ, ಕಾಯಬೇಕು. ಹತ್ತು ಹದಿನೈದು ನಿಮಿಷ ಗೆರೆ ಸೊನ್ನೆಯಲ್ಲೇ ಇದ್ದರೆ ಮಾತ್ರ ಮುಂದಿನ ಪರೀಕ್ಷೆಗಳಿಗೆ ಹೋಗಬೇಕು.

ಮೊದಲಿಗೆ ಡಾಟ್ ಗ್ರೇಡಲ್ ಫೋಲ್ಡರಿನೊಳಗಿನ ರ‍್ಯಾಪರ್, ಅದರೊಳಗಿನ ಡಿಸ್ಟ್ಸ್ ಫೋಲ್ಡರಿಗೆ ಹೋಗಿ. ಅಲ್ಲಿ ಗ್ರೇಡಲ್ ಆವೃತ್ತಿಯ ಹೆಸರಿನ ಫೋಲ್ಡರ್, ಅದರೊಳಗೆ ಅಕ್ಷರ ಅಂಕಿಗಳು ಬೆರೆತ ಹೆಸರಿನ ಇನ್ನೊಂದು ಫೋಲ್ಡರ್ ಇರುತ್ತದೆ. ಒಳಗೆ ಪಾರ್ಟ್ ಎಂದು ಕೊನೆಯಾಗುವ ಕಡತವಿದ್ದು ಅದರ ಗಾತ್ರ ಹೆಚ್ಚದೇ ಇದ್ದರೆ, ಡೌನ್‌ಲೋಡ್ ನಡುವೆ ಕಡಿದುಹೋಗಿದೆ. ವಿದ್ಯುತ್ ಹೋದಾಗ, ಹಾಟ್‌ಸ್ಪಾಟ್ ಕೊಟ್ಟ ಫೋನಿಗೆ ಕರೆ ಬಂದಾಗ ಹೀಗಾಗುತ್ತದೆ. "ಜಿಪ್ ಎಂಡ್ ಹೆಡರ್ ನಾಟ್ ಫೌಂಡ್" ಅಥವಾ "ಎರರ್ ಇನ್ ಓಪನಿಂಗ್ ಜಿಪ್ ಫೈಲ್" ಎಂಬ ಸಂದೇಶವೂ ಅರ್ಧಕ್ಕೆ ನಿಂತ ಕಡತದ ಗುರುತೇ. ಸ್ಟುಡಿಯೊ ಮುಚ್ಚಿ, ಆ ಒಂದು ಆವೃತ್ತಿಯ ಫೋಲ್ಡರನ್ನು ಮಾತ್ರ ಅಳಿಸಿ ಮತ್ತೆ ಸಿಂಕ್ ಮಾಡಬೇಕು. ಇಡೀ ಡಾಟ್ ಗ್ರೇಡಲ್ ಫೋಲ್ಡರನ್ನು ಅಳಿಸುವಂತೆ ಹೇಳುವ ಸಲಹೆ ಎಲ್ಲೆಡೆ ಸಿಗುತ್ತದೆ. ಹಾಗೆ ಮಾಡಿದರೆ ಇದುವರೆಗೆ ಬಂದಿರುವ ಲೈಬ್ರರಿಗಳೆಲ್ಲ ಹೋಗಿ ಡೇಟಾವನ್ನು ಎರಡನೇ ಸಲ ತೆರಬೇಕಾಗುತ್ತದೆ.

ಡೇಟಾ ಸಾಲದವರಿಗೆ ಇಲ್ಲೊಂದು ದಾರಿ ಇದೆ, ನಮ್ಮ ಭಾಗದಲ್ಲಿ ಇದನ್ನು ಎಲ್ಲರೂ ತಿಳಿದಿರಬೇಕೆಂಬುದು ನನ್ನ ಆಸೆ. ಅದೇ ಆವೃತ್ತಿಯ ಗ್ರೇಡಲ್ ಜಿಪ್ ಕಡತವನ್ನು ಕಾಲೇಜಿನಲ್ಲೋ ಗೆಳೆಯರ ಬಳಿಯೋ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದು, ಪಾರ್ಟ್ ಮತ್ತು ಎಲ್‌ಸಿಕೆ ಎಂದು ಕೊನೆಯಾಗುವ ಕಡತಗಳನ್ನು ತೆಗೆದು, ಆ ವಿಚಿತ್ರ ಹೆಸರಿನ ಫೋಲ್ಡರಿನಲ್ಲೇ ಇಟ್ಟರೆ, ಮುಂದಿನ ಸಿಂಕ್‌ನಲ್ಲಿ ಗ್ರೇಡಲ್ ಅದನ್ನೇ ಬಿಚ್ಚಿಕೊಳ್ಳುತ್ತದೆ. ಎಸ್‌ಡಿಕೆ ಫೋಲ್ಡರನ್ನೂ ಹೀಗೆ ಒಂದು ವಿಂಡೋಸ್ ಯಂತ್ರದಿಂದ ಇನ್ನೊಂದಕ್ಕೆ ಒಯ್ಯಬಹುದು. ಸಾವಿರಾರು ಸಣ್ಣ ಕಡತಗಳಿರುವುದರಿಂದ ಮೊದಲು ಜಿಪ್ ಮಾಡಿ ಒಯ್ದರೆ ಬೇಗ ಮುಗಿಯುತ್ತದೆ.

ಪಾರ್ಟ್ ಕಡತವೇ ಇಲ್ಲದಿದ್ದರೆ ಸಂದೇಶವನ್ನು ನೋಡಬೇಕು. "ಕನೆಕ್ಷನ್ ಟೈಮ್ಡ್ ಔಟ್" ಅಥವಾ "ಕನೆಕ್ಷನ್ ರಿಫ್ಯೂಸ್ಡ್" ಎಂದಿದ್ದರೆ, ಮನೆಯ ಜಾಲದಲ್ಲಿದ್ದರೂ ಕಾಲೇಜಿನ ಪ್ರಾಕ್ಸಿ (ಇಂಟರ್ನೆಟ್ಟಿಗೆ ಹೋಗುವ ದಾರಿಯ ನಡುವಿನ ಸರ್ವರ್) ಸೆಟ್ಟಿಂಗ್ ಉಳಿದುಕೊಂಡಿದೆಯೇ ಎಂದು ಪರೀಕ್ಷಿಸಿ. ಡಾಟ್ ಗ್ರೇಡಲ್ ಫೋಲ್ಡರಿನಲ್ಲೂ ಒಂದು ಗ್ರೇಡಲ್ ಪ್ರಾಪರ್ಟೀಸ್ ಕಡತವಿರಬಹುದು. ಅದರೊಳಗೆ ಪ್ರಾಕ್ಸಿಹೋಸ್ಟ್ ಎಂಬ ಸಾಲುಗಳಿದ್ದರೆ ಅವು ಪ್ರತಿ ಪ್ರಾಜೆಕ್ಟಿಗೂ ಅನ್ವಯವಾಗುತ್ತವೆ, ಸ್ಟುಡಿಯೊ ಅಳಿಸಿದರೂ ಉಳಿಯುತ್ತವೆ. ಮನೆಯಲ್ಲಿದ್ದಾಗ ಆ ಸಾಲುಗಳ ಮುಂದೆ ಹ್ಯಾಶ್ ಗುರುತು ಹಾಕಿದರೆ ಸಾಕು.

ಸಂದೇಶದಲ್ಲಿ ಪಿಕೆಐಎಕ್ಸ್ ಎಂಬ ಅಕ್ಷರಗಳಿದ್ದರೆ ಅದರ ಮುಂದಿನ ಮಾತನ್ನು ಓದಿ. "ವ್ಯಾಲಿಡಿಟಿ ಚೆಕ್ ಫೇಲ್ಡ್" ಎಂದಿದ್ದರೆ ಮೊದಲೇ ಹೇಳಿದ ದಿನಾಂಕದ ದೋಷವನ್ನು ಶಂಕಿಸಬೇಕು. "ಪಾತ್ ಬಿಲ್ಡಿಂಗ್ ಫೇಲ್ಡ್" ಎಂದಿದ್ದರೆ ಸಾಮಾನ್ಯವಾಗಿ ನಡುವೆ ಯಾರೋ ಸಂಪರ್ಕವನ್ನು ಬಿಚ್ಚಿ ನೋಡುತ್ತಿದ್ದಾರೆ: ಆ್ಯಂಟಿವೈರಸ್‌ನ ವೆಬ್ ಪರಿಶೀಲನೆ, ಇಲ್ಲವೇ ಕಾಲೇಜಿನ ಫೈರ್‌ವಾಲ್. ಫೋನಿನ ಹಾಟ್‌ಸ್ಪಾಟ್‌ಗೆ ಬದಲಾಯಿಸಿ ಒಮ್ಮೆ ಸಿಂಕ್ ಮಾಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಕಾಲೇಜಿನ ಜಾಲವೇ ಕಾರಣವಾದರೆ ಅಲ್ಲಿಗೆ ನಿಲ್ಲಿಸಿ ಜಾಲ ನೋಡಿಕೊಳ್ಳುವವರನ್ನು ಕೇಳಬೇಕು. ಪ್ರಮಾಣಪತ್ರ ಪರೀಕ್ಷೆಯನ್ನೇ ಆರಿಸುವ ಅಥವಾ ಎಲ್ಲಿಂದಲೋ ಸಿಕ್ಕ ಪ್ರಮಾಣಪತ್ರವನ್ನು ಜಾವಾಕ್ಕೆ ಸೇರಿಸುವ ಉಪಾಯ ಬೇಡ. ಆ್ಯಂಟಿವೈರಸ್ ಕಾರಣವಾದರೂ ಅದನ್ನು ಪೂರ್ತಿ ತೆಗೆಯದೆ ಆ ಒಂದು ಆಯ್ಕೆಯನ್ನು ಮಾತ್ರ ಬದಲಿಸಬೇಕು.

## "ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್" ಎಂದು ಬರುತ್ತದೆ

ಈ ಸಂದೇಶದ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಅದರಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ: 61 ಇದ್ದರೆ ಜಾವಾ 17, 65 ಇದ್ದರೆ ಜಾವಾ 21. ಅಷ್ಟು ಹೊಸ ಜಾವಾವನ್ನು ಆ ಪ್ರಾಜೆಕ್ಟಿನ ಹಳೆಯ ಗ್ರೇಡಲ್ ಅರಿಯದು ಎಂಬುದೇ ಇದರ ಅರ್ಥ. ಜಾವಾ 17ರ ಮೇಲೆ ನಡೆಯಲು ಗ್ರೇಡಲ್ 7.3, ಜಾವಾ 21ರ ಮೇಲೆ ನಡೆಯಲು ಗ್ರೇಡಲ್ 8.5 ಅಥವಾ ಅದಕ್ಕಿಂತ ಹೊಸದು ಬೇಕು. ಇದರ ತದ್ವಿರುದ್ಧ ದೋಷವೂ ಉಂಟು. ಗ್ರೇಡಲ್‌ಗೆ ಆ್ಯಂಡ್ರಾಯ್ಡ್ ಆ್ಯಪ್ ಕಟ್ಟಲು ನೆರವಾಗುವ ಆ್ಯಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.0 ಮತ್ತು ಅದರ ನಂತರದವು ಜಾವಾ 17 ಕೇಳುತ್ತವೆ, ಕಂಪ್ಯೂಟರಿನಲ್ಲಿ 11 ನಡೆಯುತ್ತಿದ್ದರೆ ಅದನ್ನೇ ಸ್ಪಷ್ಟವಾಗಿ ಬರೆದು ತೋರಿಸುತ್ತವೆ.

ಪರಿಹಾರಕ್ಕೆ ಹೊಸ ಜಾವಾ ಇಳಿಸಿಕೊಳ್ಳುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ಟೂಲ್ಸ್, ಅದರೊಳಗೆ ಗ್ರೇಡಲ್ ಪುಟ ತೆರೆದು "ಗ್ರೇಡಲ್ ಜೆಡಿಕೆ" ಎಂಬಲ್ಲಿ ಏನಿದೆ ಎಂದು ನೋಡಿ. ಸ್ಟುಡಿಯೊ ತನ್ನ ಜೊತೆಗೇ ಒಂದು ಜಾವಾವನ್ನು ತಂದಿರುತ್ತದೆ, ಅದನ್ನು ಆರಿಸಿದರೆ ಹಲವು ಸಲ ಅಷ್ಟರಲ್ಲೇ ಮುಗಿಯುತ್ತದೆ. ಸ್ಟುಡಿಯೊದ ಗುಂಡಿ ಒತ್ತಿದರೆ ಬಿಲ್ಡ್ ಆಗಿ, ಕಪ್ಪು ಟರ್ಮಿನಲ್ ಪರದೆಯಲ್ಲಿ ಮಾತ್ರ ಸೋತರೆ, ಕಾರಣ ಜಾವಾಹೋಮ್ ಎಂಬ ವಿಂಡೋಸ್ ಸೆಟ್ಟಿಂಗ್. ಎರಡನೇ ವರ್ಷದ ಜಾವಾ ಪ್ರಯೋಗಾಲಯಕ್ಕೆಂದು ಹಾಕಿದ ಜಾವಾ 8 ಅಲ್ಲಿಯೇ ಕುಳಿತಿರುತ್ತದೆ.

## ಸೀನಿಯರ್ ಕೊಟ್ಟ ಪ್ರಾಜೆಕ್ಟ್ ತೆರೆದರೆ "ಎಸ್‌ಡಿಕೆ ಲೊಕೇಶನ್ ನಾಟ್ ಫೌಂಡ್"

ಪೆನ್‌ಡ್ರೈವ್‌ನಲ್ಲಿ ಬಂದ ಪ್ರಾಜೆಕ್ಟಿನೊಳಗೆ ಲೋಕಲ್ ಪ್ರಾಪರ್ಟೀಸ್ ಎಂಬ ಸಣ್ಣ ಕಡತವಿರುತ್ತದೆ. ಅದರಲ್ಲಿ ಬರೆದಿರುವುದು ಕೊಟ್ಟವರ ಕಂಪ್ಯೂಟರಿನ ಎಸ್‌ಡಿಕೆ ವಿಳಾಸ, ಅವರ ಹೆಸರಿನ ಫೋಲ್ಡರ್ ಸಮೇತ. ಆ ಒಂದು ಕಡತವನ್ನು ಅಳಿಸಿ ಸ್ಟುಡಿಯೊದಲ್ಲಿ ಪ್ರಾಜೆಕ್ಟ್ ತೆರೆದರೆ ಅದು ನಿಮ್ಮ ಯಂತ್ರದ ವಿಳಾಸವನ್ನು ಹೊಸದಾಗಿ ಬರೆದುಕೊಳ್ಳುತ್ತದೆ. ಹಳೆಯ ಪ್ರಾಜೆಕ್ಟುಗಳಲ್ಲಿ ಜೆಸೆಂಟರ್ ಎಂಬ ಸಾಲು ಕಂಡರೆ ಅದರ ಬದಲು ಮೇವನ್ ಸೆಂಟ್ರಲ್ ಎಂದು ಬರೆಯಿರಿ. ಜೆಸೆಂಟರ್ ಎಂಬ ಲೈಬ್ರರಿಗಳ ಭಂಡಾರ 2021ರಲ್ಲೇ ಹೊಸದನ್ನು ಸ್ವೀಕರಿಸುವುದನ್ನು ನಿಲ್ಲಿಸಿದೆ.

"ಲೈಸೆನ್ಸ್ ನಾಟ್ ಆ್ಯಕ್ಸೆಪ್ಟೆಡ್" ಎಂದು ಬಂದರೆ ಎಸ್‌ಡಿಕೆ ಮ್ಯಾನೇಜರ್ ತೆರೆದು, ಕೇಳುತ್ತಿರುವ ಭಾಗಕ್ಕೆ ಗುರುತು ಹಾಕಿ ಒಪ್ಪಿಗೆ ನೀಡಬೇಕು. "ಫೇಲ್ಡ್ ಟು ಫೈಂಡ್ ಟಾರ್ಗೆಟ್" ಎಂದರೆ ಅದು ಹೇಳುವ ಸಂಖ್ಯೆಯ ಪ್ಲಾಟ್‌ಫಾರ್ಮ್ ನಿಮ್ಮ ಬಳಿ ಇಲ್ಲ. ಆ ಒಂದಕ್ಕೆ ಮಾತ್ರ ಗುರುತು ಹಾಕಿ, ಪಟ್ಟಿಯಲ್ಲಿ ಕಾಣುವ ಎಲ್ಲ ಆವೃತ್ತಿಗಳನ್ನೂ ತರಿಸಬೇಡಿ.

ಪ್ರಾಜೆಕ್ಟ್ ಇರುವ ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ "ನಾನ್ ಆಸ್ಕಿ ಕ್ಯಾರೆಕ್ಟರ್ಸ್" ಎಂಬ ಸಂದೇಶ ಬರುತ್ತದೆ. ಕನ್ನಡದ ಹೆಸರಿಡುವುದು ನನಗೂ ಇಷ್ಟದ ಸಂಗತಿಯೇ, ಆದರೆ ಈ ಸಲಕರಣೆಗಳು ವಿಂಡೋಸ್‌ನಲ್ಲಿ ಅದನ್ನು ಇನ್ನೂ ಸರಿಯಾಗಿ ನಿಭಾಯಿಸುವುದಿಲ್ಲ. ಹಾಗಾಗಿ ಆ್ಯಪ್‌ನ ಒಳಗೆಲ್ಲ ಕನ್ನಡವಿರಲಿ, ಫೋಲ್ಡರಿನ ಹೆಸರು ಮಾತ್ರ ಖಾಲಿ ಜಾಗವಿಲ್ಲದ ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಬಳಕೆದಾರನ ಹೆಸರೇ ಕನ್ನಡದಲ್ಲಿದ್ದರೆ ವಿಂಡೋಸ್‌ನ ಆ ಫೋಲ್ಡರಿನ ಹೆಸರನ್ನು ಬಲವಂತವಾಗಿ ಬದಲಾಯಿಸಬೇಡಿ, ಲಾಗಿನ್ ಕೆಡುವ ಅಪಾಯವಿದೆ. ಎಸ್‌ಡಿಕೆಯನ್ನು ಡಿ ಡ್ರೈವ್‌ನ ಸರಳ ಫೋಲ್ಡರೊಂದಕ್ಕೆ ಸಾಗಿಸಿ ಸೆಟ್ಟಿಂಗ್ಸ್‌ನಲ್ಲಿ ಆ ವಿಳಾಸ ಕೊಡುವುದು ಸುರಕ್ಷಿತ.

## ಎಮ್ಯುಲೇಟರ್ ತೆರೆಯುವುದಿಲ್ಲ, ಅಥವಾ ಕಪ್ಪು ಪರದೆಯಲ್ಲೇ ನಿಲ್ಲುತ್ತದೆ

"ದಿ ಎಮ್ಯುಲೇಟರ್ ಪ್ರೊಸೆಸ್ ಹ್ಯಾಸ್ ಟರ್ಮಿನೇಟೆಡ್" ಎಂಬ ಸಂದೇಶಕ್ಕೆ ನಾನು ಕಂಡ ಮೊದಲ ಕಾರಣ ಸಿ ಡ್ರೈವ್ ತುಂಬಿರುವುದು. ಜಾಗವಿದ್ದರೂ ತೆರೆಯದಿದ್ದರೆ ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ "ವರ್ಚುವಲೈಸೇಶನ್" (ಒಂದು ಯಂತ್ರದೊಳಗೆ ಇನ್ನೊಂದನ್ನು ನಡೆಸುವ ಸೌಲಭ್ಯ) ಎಂಬುದರ ಮುಂದೆ ಎನೇಬಲ್ಡ್ ಎಂದಿದೆಯೇ ನೋಡಿ. ಎನೇಬಲ್ಡ್ ಎಂದಿದ್ದರೆ ಬಯಾಸ್ ಮುಟ್ಟುವ ಅಗತ್ಯವಿಲ್ಲ. "ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್" ಪಟ್ಟಿಯಲ್ಲಿ ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್‌ಗೆ ಗುರುತು ಹಾಕಿ ಯಂತ್ರವನ್ನು ರಿಸ್ಟಾರ್ಟ್ ಮಾಡಿ. ಹಳೆಯ ವಿಡಿಯೊಗಳು ಎಮ್ಯುಲೇಟರ್ ವೇಗ ಹೆಚ್ಚಿಸುವ ಹ್ಯಾಕ್ಸಮ್ ಹಾಕಿರೆಂದು ಹೇಳುತ್ತವೆ. ಇಂಟೆಲ್ ಅದನ್ನು 2023ರ ಆರಂಭದಲ್ಲೇ ಕೈಬಿಟ್ಟಿದೆ, ಅದರ ಹಿಂದೆ ಹೋಗುವುದು ವ್ಯರ್ಥ.

ಡಿಸೇಬಲ್ಡ್ ಎಂದಿದ್ದರೆ ಬಯಾಸ್‌ಗೆ ಹೋಗಲೇಬೇಕು. ಅದಕ್ಕೂ ಮುನ್ನ ಒಂದು ಎಚ್ಚರಿಕೆ: ಡಿಸ್ಕ್‌ಗೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕನ್ನು ಗೂಢಲಿಪಿಯಿಂದ ಕಾಯುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ, ಬಯಾಸ್ ಬದಲಾದ ಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದೆಲ್ಲ ಕೈತಪ್ಪುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿದೆಯೇ ಎಂದು ನೋಡಿ ಕಾಗದದ ಮೇಲೆ ಬರೆದುಕೊಂಡ ನಂತರವೇ ಮುಂದುವರಿಯಿರಿ. ಯಂತ್ರ ಆನ್ ಆಗುವಾಗ ಡೆಲ್‌ನಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಬೇಕು. ಇಂಟೆಲ್ ಯಂತ್ರದಲ್ಲಿ ವರ್ಚುವಲೈಸೇಶನ್ ಟೆಕ್ನಾಲಜಿ ಎಂದೂ, ಎಎಂಡಿ ಯಂತ್ರದಲ್ಲಿ ಎಸ್‌ವಿಎಂ ಎಂದೂ ಬರೆದಿರುವುದನ್ನು ಎನೇಬಲ್ ಮಾಡಿ ಉಳಿಸಿ ಹೊರಬನ್ನಿ. ಅಲ್ಲಿ ಬೇರೆ ಯಾವುದನ್ನೂ ಬದಲಿಸಬೇಡಿ. ಬಯಾಸ್ ಅಪ್‌ಡೇಟ್ ಮಾಡಬೇಕೆಂದು ಯಾರಾದರೂ ಹೇಳಿದರೆ, ವಿದ್ಯುತ್ ಹೋಗಿಬರುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಲೇಬಾರದು; ನಡುವೆ ಆರಿದರೆ ಯಂತ್ರ ಮತ್ತೆ ಏಳದಿರಬಹುದು. ಕಾಲೇಜಿನ ಕಂಪ್ಯೂಟರಾದರೆ ಬಯಾಸ್‌ಗೆ ಹೋಗುವುದು ಪ್ರಯೋಗಾಲಯದವರ ಕೆಲಸ, ನಿಮ್ಮದಲ್ಲ.

ಎಮ್ಯುಲೇಟರ್ ತೆರೆದು ಪರದೆ ಮಾತ್ರ ಕಪ್ಪಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ "ಕೋಲ್ಡ್ ಬೂಟ್" ಆರಿಸಿ, ಆಗದಿದ್ದರೆ ಗ್ರಾಫಿಕ್ಸ್ ಆಯ್ಕೆಯನ್ನು ಸಾಫ್ಟ್‌ವೇರ್‌ಗೆ ಬದಲಿಸಿ. ಸಾಫ್ಟ್‌ವೇರ್‌ನಲ್ಲಿ ನಡೆದರೆ ದೋಷ ಗ್ರಾಫಿಕ್ಸ್ ಡ್ರೈವರ್‌ನದು.

## ಫೋನ್ ಜೋಡಿಸಿದರೂ ಸ್ಟುಡಿಯೊದಲ್ಲಿ ಕಾಣುವುದಿಲ್ಲ

ಮೊದಲು ಕೇಬಲ್ ಬದಲಿಸಿ. ಚಾರ್ಜ್ ಮಾತ್ರ ಆಗುವ, ಡೇಟಾ ಹೋಗದ ಕೇಬಲ್‌ಗಳು ಬಹಳ. ಫೋನಿನ ಫೋಟೊಗಳು ಕಂಪ್ಯೂಟರಿನಲ್ಲಿ ತೆರೆದರೆ ಕೇಬಲ್ ಸರಿಯಿದೆ. ನಂತರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆದು, ಅದರಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿರುವುದನ್ನು ಖಚಿತಪಡಿಸಿಕೊಳ್ಳಿ.

ಆಮೇಲೆ ಟರ್ಮಿನಲ್‌ನಲ್ಲಿ ಎಡಿಬಿ ಡಿವೈಸಸ್ ಆದೇಶ ಕೊಡಿ; ಎಡಿಬಿ ಎಂದರೆ ಕಂಪ್ಯೂಟರಿನಿಂದ ಫೋನಿಗೆ ಆದೇಶ ಕಳಿಸುವ ಸಲಕರಣೆ. "ನಾಟ್ ರೆಕಗ್ನೈಸ್ಡ್" ಎಂದು ಬಂದರೆ ಎಡಿಬಿ ಇಲ್ಲವೆಂದಲ್ಲ, ಎಸ್‌ಡಿಕೆಯ ಪ್ಲಾಟ್‌ಫಾರ್ಮ್ ಟೂಲ್ಸ್ ಫೋಲ್ಡರಿನಲ್ಲಿ ಅದು ಇರುವುದು ವಿಂಡೋಸ್‌ಗೆ ತಿಳಿದಿಲ್ಲ. ಆ ಫೋಲ್ಡರಿಗೇ ಹೋಗಿ ಆದೇಶ ಕೊಡಿ, ಇಲ್ಲವೇ ಅದನ್ನು ಪಾತ್ ಪಟ್ಟಿಗೆ (ವಿಂಡೋಸ್ ಆದೇಶಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಸೇರಿಸಿ. ಆದೇಶ ತೋರಿಸುವ ಫೋನುಗಳ ಪಟ್ಟಿ ಖಾಲಿಯಾಗಿದ್ದರೆ ಕೇಬಲ್, ಪೋರ್ಟ್ ಅಥವಾ ವಿಂಡೋಸ್ ಡ್ರೈವರ್ ದೋಷ. "ಅನ್‌ಆಥರೈಸ್ಡ್" ಎಂದಿದ್ದರೆ ಫೋನಿನ ಪರದೆಯ ಮೇಲೆ ಅನುಮತಿ ಕೇಳುವ ಚೌಕ ಕಾಯುತ್ತಿದೆ, ಫೋನ್ ಅನ್‌ಲಾಕ್ ಮಾಡಿ ಒಪ್ಪಿಕೊಳ್ಳಿ. "ಆಫ್‌ಲೈನ್" ಎಂದಿದ್ದರೆ ಕೇಬಲ್ ಕಿತ್ತು, ಎಡಿಬಿ ಕಿಲ್ ಸರ್ವರ್ ಆದೇಶ ಕೊಟ್ಟು ಮತ್ತೆ ಜೋಡಿಸಿ. ಯುಎಸ್‌ಬಿ ಪೋರ್ಟೇ ಸಡಿಲವಾಗಿದ್ದರೆ ಆ್ಯಂಡ್ರಾಯ್ಡ್ 11 ಮತ್ತು ನಂತರದ ಫೋನ್‌ಗಳನ್ನು ವೈಫೈ ಮೂಲಕವೂ ಜೋಡಿಸಬಹುದು. ಕೆಲವು ಕಾಲೇಜುಗಳ ವೈಫೈಯಲ್ಲಿ ಒಂದು ಯಂತ್ರ ಇನ್ನೊಂದನ್ನು ಕಾಣದಂತೆ ತಡೆದಿರುತ್ತಾರೆ, ಆಗ ಎರಡನ್ನೂ ಮತ್ತೊಬ್ಬರ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ.

ಫೋನ್ ಕಂಡರೂ ಆ್ಯಪ್ ಕೂರದಿದ್ದರೆ ಸಂದೇಶವೇ ಕಾರಣ ಹೇಳುತ್ತದೆ. "ಯೂಸರ್ ರಿಸ್ಟ್ರಿಕ್ಟೆಡ್" ಎಂದು ರೆಡ್ಮಿ ಫೋನ್‌ಗಳಲ್ಲಿ ಬಂದರೆ ಡೆವಲಪರ್ ಆಪ್ಷನ್ಸ್‌ನಲ್ಲೇ "ಇನ್‌ಸ್ಟಾಲ್ ವಯಾ ಯುಎಸ್‌ಬಿ" ಎಂಬುದನ್ನೂ ಆನ್ ಮಾಡಬೇಕು. "ಅಪ್‌ಡೇಟ್ ಇನ್‌ಕಂಪ್ಯಾಟಿಬಲ್" ಎಂದರೆ ಅದೇ ಆ್ಯಪ್ ಬೇರೆ ಕಂಪ್ಯೂಟರಿನ ಸಹಿಯೊಂದಿಗೆ ಆ ಫೋನಿನಲ್ಲಿ ಮೊದಲೇ ಇದೆ. ಅದನ್ನು ಫೋನಿನಿಂದ ತೆಗೆಯಬೇಕು, ಒಳಗಿನ ಮಾಹಿತಿ ಹೋಗುವುದೆಂಬ ಅರಿವಿರಲಿ.

ಯುಎಸ್‌ಬಿ ಡಿಬಗ್ಗಿಂಗ್ ಆನ್ ಇರುವ ಫೋನನ್ನು ಅನುಮತಿ ಪಡೆದ ಕಂಪ್ಯೂಟರ್ ಆಳವಾಗಿ ನಿಯಂತ್ರಿಸಬಲ್ಲದು. ಆದ್ದರಿಂದ ಕಾಲೇಜು ಅಥವಾ ಸೈಬರ್ ಸೆಂಟರ್ ಕಂಪ್ಯೂಟರಿನಲ್ಲಿ "ಆಲ್ವೇಸ್ ಅಲೋ" ಗುರುತು ಹಾಕಬಾರದು, ಕೆಲಸ ಮುಗಿದ ಮೇಲೆ ಡಿಬಗ್ಗಿಂಗ್ ಆರಿಸಿ ಹಿಂದಿನ ಅನುಮತಿಗಳನ್ನು ರಿವೋಕ್ ಮಾಡಬೇಕು. ಅದು ಆನ್ ಇದ್ದಾಗ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದಿಲ್ಲ, ಅದು ಫೋನಿನ ದೋಷವಲ್ಲ. ಮನೆಯವರ ಹಣಕಾಸಿನ ವ್ಯವಹಾರವೆಲ್ಲ ಇರುವ ಫೋನಿಗಿಂತ ಹಳೆಯ ಫೋನೊಂದು ಈ ಕೆಲಸಕ್ಕೆ ಉತ್ತಮ.

## ಫ್ಲಟರ್ ಹಾಕಿದವರಿಗೆ, ಐಫೋನ್ ಆ್ಯಪ್ ಕೇಳುವವರಿಗೆ

ಫ್ಲಟರ್ ಎಂದರೆ ಒಂದೇ ಕೋಡಿನಿಂದ ಆ್ಯಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡುವ ಸಲಕರಣೆ. ಅದರ ಫ್ಲಟರ್ ಡಾಕ್ಟರ್ ಆದೇಶ ತೋರಿಸುವ ಪ್ರತಿ ಅಡ್ಡಗುರುತನ್ನೂ ಸರಿಪಡಿಸಬೇಕಾಗಿಲ್ಲ. ಆ್ಯಂಡ್ರಾಯ್ಡ್ ಆ್ಯಪ್ ಮಾತ್ರ ಮಾಡುವವರು ವಿಷುವಲ್ ಸ್ಟುಡಿಯೊ ಇಲ್ಲವೆಂಬ ದೂರನ್ನು ಬಿಟ್ಟುಬಿಡಬಹುದು; ಅದು ವಿಂಡೋಸ್ ಆ್ಯಪ್‌ಗೆ ಬೇಕಾದದ್ದು, ಹಲವು ಜಿಬಿ ತಿನ್ನುತ್ತದೆ. "ಸಿಎಂಡಿಲೈನ್ ಟೂಲ್ಸ್" ಇಲ್ಲವೆಂದರೆ ಎಸ್‌ಡಿಕೆ ಮ್ಯಾನೇಜರ್‌ನ ಎರಡನೇ ಪುಟದಲ್ಲಿ ಅದಕ್ಕೆ ಗುರುತು ಹಾಕಿ. ಫ್ಲಟರನ್ನು ಪ್ರೋಗ್ರಾಮ್ ಫೈಲ್ಸ್ ಒಳಗೆ ಇಡಬಾರದು. ಐಫೋನ್ ಆ್ಯಪ್ ಬಿಲ್ಡ್ ಮಾಡಲು ಬೇಕಾದ ಎಕ್ಸ್‌ಕೋಡ್ ಮ್ಯಾಕ್ ಯಂತ್ರದಲ್ಲಿ ಮಾತ್ರ ನಡೆಯುತ್ತದೆ, ವಿಂಡೋಸ್‌ನಲ್ಲಿ ಅದನ್ನು ಹುಡುಕಿ ಕಾಲ ಕಳೆಯಬೇಡಿ.

## ಸಹಾಯ ಕೇಳುವಾಗ, ಮತ್ತು ನಿಜಕ್ಕೂ ಅಳಿಸಲೇಬೇಕಾದಾಗ

ಒಂದೇ ದೋಷದ ಮೇಲೆ ಎರಡು ಗಂಟೆ ಕಳೆದು ಸಂದೇಶ ಒಂದಿಷ್ಟೂ ಬದಲಾಗದಿದ್ದರೆ ನಿಲ್ಲಿಸಿ ಗೊತ್ತಿದ್ದವರನ್ನು ಕೇಳುವುದು ಒಳ್ಳೆಯದು. ಅವರಿಗೆ ಪರದೆಯ ಮಸುಕಾದ ಫೋಟೊ ಕಳಿಸದೆ, ಸಂದೇಶದ ಪೂರ್ಣ ಅಕ್ಷರಗಳನ್ನು ನಕಲು ಮಾಡಿ ಕಳಿಸಿ. ಜೊತೆಗೆ ಸ್ಟುಡಿಯೊ, ಗ್ರೇಡಲ್, ಜಾವಾ ಆವೃತ್ತಿಗಳನ್ನೂ, ಕೊನೆಯ ಸಲ ಸರಿಯಾಗಿ ನಡೆದ ಮೇಲೆ ಏನನ್ನು ಬದಲಿಸಿದಿರಿ ಎಂಬುದನ್ನೂ ಬರೆಯಿರಿ. ಪ್ರಾಜೆಕ್ಟನ್ನೇ ಕೊಡಬೇಕಾದರೆ ಸಹಿ ಮಾಡುವ ಕೀಸ್ಟೋರ್ ಕಡತ ಮತ್ತು ಪಾಸ್‌ವರ್ಡ್‌ಗಳಿರುವ ಸಾಲುಗಳನ್ನು ತೆಗೆದು ಕೊಡಿ.

ಸ್ಟುಡಿಯೊದ ಕಿಟಕಿಯೇ ತೆರೆಯದೆ, ಅಥವಾ ಅಪ್‌ಡೇಟ್ ನಡುವೆ ವಿದ್ಯುತ್ ಹೋಗಿ ಅದರದೇ ಕಡತಗಳು ಕೆಟ್ಟಿದ್ದರೆ, ಆಗ ಅಳಿಸುವುದಕ್ಕೆ ಅರ್ಥವಿದೆ. ಆಗಲೂ ಅಳಿಸಬೇಕಾದದ್ದು ಸ್ಟುಡಿಯೊವನ್ನು ಮಾತ್ರ. ಡಾಟ್ ಆ್ಯಂಡ್ರಾಯ್ಡ್ ಫೋಲ್ಡರಿನಲ್ಲಿರುವ ಡಿಬಗ್ ಕೀಸ್ಟೋರ್ ಹೋದರೆ ಹೊಸದು ಹುಟ್ಟುತ್ತದೆ, ಅದರ ಗುರುತು ಬೇರೆಯಾಗುವುದರಿಂದ ಗೂಗಲ್‌ನ ಫೈರ್‌ಬೇಸ್ ಸೇವೆಯಲ್ಲಿ ನೋಂದಾಯಿಸಿದ ಗೂಗಲ್ ಲಾಗಿನ್, ಪ್ರಾಜೆಕ್ಟ್ ತೋರಿಸುವ ದಿನವೇ ಕೈಕೊಡುತ್ತದೆ. ಆ ಕಡತವನ್ನು ನಕಲು ಮಾಡಿಟ್ಟುಕೊಳ್ಳಿ. ಎಸ್‌ಡಿಕೆ ಮತ್ತು ಡಾಟ್ ಗ್ರೇಡಲ್ ಫೋಲ್ಡರುಗಳನ್ನು ಇದ್ದಲ್ಲೇ ಬಿಡಿ. ಹೊಸ ಸ್ಟುಡಿಯೊ ಮೊದಲ ಸಲ ತೆರೆದಾಗ ಎಸ್‌ಡಿಕೆ ಎಲ್ಲಿಡಬೇಕೆಂದು ಕೇಳುವುದನ್ನು ನೋಡಲು ಕಸ್ಟಮ್ ಎಂಬುದನ್ನು ಆರಿಸಿ, ಹಳೆಯ ಫೋಲ್ಡರಿನ ವಿಳಾಸವನ್ನೇ ಕೊಟ್ಟರೆ, ಮೊದಲು ತಂದಿಟ್ಟ ಪ್ಲಾಟ್‌ಫಾರ್ಮ್, ಸಿಸ್ಟಮ್ ಇಮೇಜ್‌ಗಳನ್ನು ಅದು ಗುರುತಿಸುತ್ತದೆ, ಮತ್ತೆ ಇಳಿಸಿಕೊಳ್ಳಲು ಹೋಗುವುದಿಲ್ಲ.